ಎರಡನೇ ಮಗ್ಗುಲು, ನಾಲ್ಕನೇ ಹಾಡು

ಡೆಲ್ಫಾ ಕೂಂಟ್ಸ್ ಹಾಡಿದ ಆ ಆಲ್ಬಮ್ಮಿನಲ್ಲಿ
ಹತ್ತು ಹಾಡು. ಮೂರು ಗೆದ್ದವು.
ಮೊದಲನೆಯದು, ಗಂಡನ ಟ್ರಕ್ಕಿನ ಕೀಲಿಯನ್ನು
ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟವಳದು,
ಆರು ವಾರ ಪಟ್ಟಿಯ ನೆತ್ತಿಯ ಮೇಲೇ ಕೂತಿತ್ತು.
ನ್ಯಾಶ್‌ವಿಲ್ಲಿನ ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ,
ನನ್ನ ಹಲ್ಲು ಕಿತ್ತ ಡಾಕ್ಟರ ಬಾಯಲ್ಲೂ ಅದೇ.

ಸ್ಟೀಲ್ ಗಿಟಾರ್ ನುಡಿಸಿದವನು ನಾನು.
ಮೂರು ಗಂಟೆಗೆ ಇಷ್ಟು ಅಂತ ಯೂನಿಯನ್ನಿನ ಕೂಲಿ,
ಹಾಡು ಗೆದ್ದರೂ ಅಷ್ಟೇ, ಬಿದ್ದರೂ ಅಷ್ಟೇ.
ಬೇಸರವಿಲ್ಲ. ಆ ದುಡ್ಡಿನಲ್ಲಿ ಚಾವಣಿ ರಿಪೇರಿಯಾಯಿತು.

ನಾನು ಹೇಳಹೊರಟಿದ್ದು ಬೇರೆ.

ಕೊನೆಯ ದಿನ ಕೆಂಟಕಿಯಿಂದ ಅವಳ ಅಪ್ಪ ಬಂದ,
ಬಸ್ಸಿನಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡೇ.
ಗಣಿಯ ಧೂಳು ತುಂಬಿದ ಎದೆ; ಎರಡು ಮಾತಿಗೊಂದು ಕೆಮ್ಮು.
ಮೂಲೆಯ ಮರದ ಕುರ್ಚಿ ತೋರಿಸಿದೆವು:
"ಕೆಂಪು ದೀಪ ಹತ್ತಿದ ಮೇಲೆ ಉಸಿರೂ ಬಿಡಬೇಡಿ."
ಅವ ನಿಜಕ್ಕೂ ಬಿಡಲಿಲ್ಲ.

ಹಾಡು ಅವನ ಹೆಂಡತಿಯದು. ಅವಳ ಬಟ್ಟೆ ಹಗ್ಗ,
ಒಗೆದು ಹರವಿದ ಗಳಿಗೆಯಲ್ಲೇ
ಗಾಳಿಯ ಮಸಿ ಕೂತು ಕಪ್ಪಾಗುವ ಅಂಗಿಗಳು.
ಮೂರನೇ ನುಡಿ ಮುಗಿದು, ನಾನು ತಂತಿಯ ಮೇಲೆ
ಉಕ್ಕಿನ ಕಡ್ಡಿ ಜಾರಿಸುವ ಮುಂಚೆ, ಒಂದು ಖಾಲಿ.
ಅಲ್ಲಿ ಕುರ್ಚಿ ಕಿರ್ ಅಂದಿತು.

ನಿರ್ಮಾಪಕ ಗಾಜಿನಾಚೆಯಿಂದ, ಇನ್ನೊಮ್ಮೆ, ಅಂದ.
ಡೆಲ್ಫಾ ಹೆಡ್‌ಫೋನ್ ತೆಗೆದು ಸ್ಟ್ಯಾಂಡಿಗೆ ತೂಗುಹಾಕಿ
ಇನ್ನೊಮ್ಮೆ ಇಲ್ಲ, ಅಂದಳು.

ಆ ಹಾಡು ಯಾವ ರೇಡಿಯೋದಲ್ಲೂ ಬರಲಿಲ್ಲ.
ಮುದುಕ ಮಾತ್ರ ಹಾರ್ಲನ್ನಿನ ತನ್ನ ಅಡುಗೆಮನೆಯಲ್ಲಿ
ಬಂದವರನ್ನೆಲ್ಲ ಕೂರಿಸಿ, ಗೆದ್ದ ಮೂರನ್ನೂ ಬದಿಗೆ ಬಿಟ್ಟು,
ಮುಳ್ಳನ್ನು ನೇರ ಅಲ್ಲಿಗೇ ಇಳಿಸಿ
ಬೆರಳೆತ್ತಿ ಕಾಯುತ್ತಿದ್ದನಂತೆ:
"ಈಗ... ಕೇಳಿ... ಹ್ಞಾ, ಅದು ನಾನು."

ಮೊನ್ನೆ ಐವತ್ತು ವರ್ಷದ ನೆನಪಿಗೆ ಹೊಸ ಪ್ರತಿ ಬಂತು,
ಹೊಳೆಯುವ ಡಬ್ಬಿಯಲ್ಲಿ. ಯಾರೋ ಹುಡುಗ
ಕಂಪ್ಯೂಟರಿನ ಮುಂದೆ ಕೂತು
ಗೊರಗೊರ, ಚಟಪಟ ಎಲ್ಲ ಗುಡಿಸಿದ್ದಾನೆ, ಬಲು ಶ್ರದ್ಧೆಯಿಂದ.
ನನ್ನ ತಂತಿ ತೊಳೆದ ಗಾಜಿನಂತೆ.
ಮೂರನೇ ನುಡಿ ಮುಗಿಯಿತು.
ನಾನು ಬೆರಳೆತ್ತಿದೆ.

ಹೆಂಡತಿ ಒಳಗಿಂದ ಕೇಳಿದಳು, ಏನು?
ಏನಿಲ್ಲ, ಅಂದೆ. ಕೂತಲ್ಲೇ ಸ್ವಲ್ಪ
ಹೊರಳಿ ನೋಡಿದೆ. ಈ ಕುರ್ಚಿ ಪ್ಲಾಸ್ಟಿಕ್ಕಿನದು,
ಸದ್ದು ಮಾಡುವುದಿಲ್ಲ.