ಎಡಕ್ಕೆ ಬಿಸಿ, ಬಲಕ್ಕೆ ತಂಪು

ಮೊದಲ ಸಲ ಕಳಿಸಿದ್ದು ಬಿಸ್ಕತ್ತಿನ ಡಬ್ಬಿಯಲ್ಲಿ.
ನಡುರಾತ್ರಿ ಹೊರಟು, ಲೆಂಗಾಯ್ ಬೆಟ್ಟದ ನೆತ್ತಿಯಲ್ಲಿ
ಬೆಳಕು ಹರಿಯುವ ಮುಂಚೆ ಸೌಟಿನಿಂದ ಎತ್ತಿದ್ದು.
ಕಾಡಿಗೆಯಂಥ ಲಾವಾ, ಡಬ್ಬಿ ಸುತ್ತಿದ ಬಟ್ಟೆ ಕಮಟಿತು.
ಜರ್ಮನಿ ಮುಟ್ಟುವಷ್ಟರಲ್ಲಿ ಸುಣ್ಣವಾಗಿತ್ತಂತೆ.
ಕಾಗದ ಬಂತು:
ಸಿರೋಂಕಾ, ನೀವು ಕಳಿಸಿದ್ದು ಬಿಳಿ ಪುಡಿ,
ನಾವು ಕೇಳಿದ್ದು ಕಪ್ಪು ಕಲ್ಲು.

ಮೋಸ ನನ್ನದಲ್ಲ.
ಆ ಕಲ್ಲಿಗೆ ಗಾಳಿಯ ಪಸೆ ಆಗಿಬರುವುದಿಲ್ಲ,
ಒಂದೇ ಹಗಲಲ್ಲಿ ತಲೆ ನರೆಯುತ್ತದೆ.

ನೇಟ್ರಾನ್ ಕೆರೆದಂಡೆಯ ಸೌಳನ್ನು
ನಶ್ಯಕ್ಕೆ ಅರೆಯುತ್ತಿದ್ದ ಅವ್ವ ನೊಲ್ಮೆಯಿಯಾ ಸೀನಿ, ನಕ್ಕಳು:
ದೇವರು ಉಗುಳಿದ್ದೂ ಇದೇ, ನನ್ನ ಮೂಗಲ್ಲಿರುವುದೂ ಇದೇ.
ಇದಕ್ಕೆ ವಿಮಾನದ ಟಿಕೀಟು ಬೇರೆ!

ಎರಡನೆಯ ಸಲ ಔಷಧಿ ಬಾಟಲಿ,
ಬಾಯಿಗೆ ಜೇನುಮೇಣ, ಮೇಲೆ ಮತ್ತೊಂದು ಮೇಣ.
ಕೂಲಿ ಕಲ್ಲಿನ ತೂಕಕ್ಕಲ್ಲ, ಹತ್ತಿದ ಲೆಕ್ಕಕ್ಕೆ.

ಈ ಸಲ ಬರೆದವಳು ಹೆಡ್ವಿಗ್ ಎಂಬಾಕೆ.
ಪ್ಲಾಟಿನಂ ತಗಡೆರಡರ ನಡುವೆ ಇಟ್ಟು
ಕುಲುಮೆ ಹೊತ್ತಿಸಿ ಕರೆಂಟು ಬಿಟ್ಟಳಂತೆ.
ಗಟ್ಟಿಯಿರುವಷ್ಟು ಹೊತ್ತು ಕಲ್ಲು ಕಲ್ಲೇ.
ಕಾವೇರಿದಂತೆ ಇಷ್ಟಿಷ್ಟೇ ದಾರಿ ಬಿಟ್ಟಿತು.
ಕರಗಿದ್ದೇ ತಡ
ಬೆಳಗ್ಗೆ ಮುಳ್ಳುಬೇಲಿ ಸರಿಸಿದಾಗ ದೊಡ್ಡಿಯಿಂದ
ಕರುಗಳು ನುಗ್ಗುತ್ತವಲ್ಲ, ಹಾಗೆ.
(ಕರು ನನ್ನ ಮಾತು. ಅವಳು ಬರೆದದ್ದು ಸೋಡಿಯಂ.)

ನಮ್ಮಲ್ಲಿ ಕಂಬಗಳು ಅಂಗಡಿವರೆಗೆ ಬಂದು ನಿಂತಿವೆ.

ಕಾಗದದ ಜೊತೆಗೊಂದು ಗೀಟಿನ ಚಿತ್ರ.
ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿ,
ಇದೇನು ತಲೆಕೆಳಗು ಲೆಕ್ಕ, ಎಂದರು,
ಬಿಸಿಯನ್ನು ಎಡಕ್ಕೆ ಬರೆದು ತಂಪನ್ನು ಬಲಕ್ಕೆ ತಂದಿದ್ದಾರೆ!

ನನಗೆ ತಲೆಕೆಳಗು ಕಾಣಲಿಲ್ಲ.
ಎಡತುದಿಯಲ್ಲಿ ನೆತ್ತಿ, ಅಲ್ಲೇ ಕಾವು.
ಆಮೇಲೆ ಗೀಟು ತಟ್ಟನೆ ಕುಸಿಯುವ ಜಾಗ.
ಅಲ್ಲಿ ಯಾರೂ ನಡೆಯುವುದಿಲ್ಲ, ಕೂತು ಜಾರುತ್ತಾರೆ,
ನನ್ನ ಎರಡು ಚಡ್ಡಿ ಹರಿದದ್ದು ಅಲ್ಲೇ.
ಆಮೇಲೆ ಉದ್ದ ಇಳಿಜಾರು, ಬಲಕ್ಕೆ, ಬಲಕ್ಕೆ,
ಕೆರೆಯ ತಂಪಿನವರೆಗೆ.

ಅದು ಕಲ್ಲು ಕರಗುವ ಜಾಗ ಅಂತ ಮೇಷ್ಟ್ರು ಓದಿ ಹೇಳಿದರು.
ಇರಬಹುದು.
ಆದರೆ ಬೆಟ್ಟವನ್ನೇ ಕಾಣದ ಹೆಂಗಸಿಗೆ
ಆ ಜಾರು ಇದೆಯೆಂದು ಯಾರು ಹೇಳಿದರು?

ಇದ್ದಿಲಿನಿಂದ ಅಲ್ಲೊಂದು ಗುರುತು ಹಾಕಿ
ಚಿತ್ರವನ್ನು ವಾಪಸು ಕಳಿಸಿದ್ದೇನೆ:
ಬಂದರೆ, ಇಲ್ಲಿ ನಿಲ್ಲಬೇಡಿ. ಕೂತುಬಿಡಿ.