ಸಿಗ್ನಲ್ ಇಲ್ಲದ ಊರಲ್ಲಿ

ಬೋರ್ಡಿನ ಮೇಲೆ 'ವಾರಿಜಾ ಕಂಪ್ಯೂಟರ್ಸ್' ಅಂತಿದೆ.
ಇರುವುದು ಒಂದೇ. ಕೊನೆಯ ಆ 'ಸ್'
ಆಸೆಗೆ ಬರೆಸಿದ್ದು.
ಹೊಸನಗರದ ತಾಲ್ಲೂಕು ಕಚೇರಿ ಎದುರು
ಎಂಟಡಿಗೆ ಆರಡಿ ಅಂಗಡಿ.
ಪ್ರಿಂಟರು ಒಂದೂವರೆ;
ಅರ್ಧದ್ದಕ್ಕೆ ಹಳದಿ ಮರೆತುಹೋಗಿದೆ.
ಅರಿಶಿನ ಶಾಸ್ತ್ರದ ಫೋಟೋ ಕೊಟ್ಟರೆ
ಮದುಮಗಳು ನೀಲಿಗಟ್ಟಿ
ಚಳಿಜ್ವರ ಬಂದವಳ ಹಾಗೆ ಹೊರಗೆ ಬರುತ್ತಾಳೆ.

ಮೊನ್ನೆ ಬಂದ ಬ್ಯಾಂಡ್‌ಸೆಟ್ಟಿನ ಗುತ್ಯಪ್ಪ.
ನಲವತ್ತು ವರ್ಷ ಕ್ಲಾರಿನೆಟ್ ಊದಿದವನು.
"ಕಲಾವಿದರ ಮಾಸಾಶನಕ್ಕೆ ಒಂದು ಅರ್ಜಿ ಒತ್ತು ತಂಗಿ,
ಗಾಳಿ ಕಮ್ಮಿಯಾಗಿದೆ."

ಶುರುವಿನಲ್ಲೇ ತಕರಾರು.
ಮೊದಲ ಪುಟದಲ್ಲಿ ಜಿಲ್ಲೆ ಶಿವಮೊಗ್ಗ,
ಎರಡನೆಯದರಲ್ಲಿ ಶಿಮೊಗ,
ಒಂದಕ್ಕೊಂದು ತಾಳೆಯಿಲ್ಲವಂತೆ.
ಮೊಗ್ಗು ಬಂದು ಎಷ್ಟು ಕಾಲವಾಯಿತು,
ಸರ್ವರಿಗಿನ್ನೂ ಸುದ್ದಿ ಮುಟ್ಟಿಲ್ಲ.

ಪಾಸ್‌ವರ್ಡಿನಲ್ಲಿ ಒಂದು ವಿಶೇಷ ಅಕ್ಷರ ಇರಲಿ ಎಂದಿತು.
"ಋ ಹಾಕು" ಅಂದ ಗುತ್ಯಪ್ಪ.
"ಶಾಲೆ ಬಿಟ್ಟಮೇಲೆ ಒಂದು ದಿನವೂ ಬೇಕಾಗಿಲ್ಲ,
ಅದಕ್ಕಿಂತ ವಿಶೇಷ ಯಾವ್ದುಂಟು?"

ಬೆರಳು ಇಡಿಸಿದೆ. ಗುರುತು ಸಿಗಲಿಲ್ಲ.
ಒರೆಸಿ ಇಡಿಸಿದೆ, ಎಣ್ಣೆ ಸವರಿ ಇಡಿಸಿದೆ, ಊಹೂಂ.
ತೂತು ಮುಚ್ಚಿ, ತೆಗೆದು, ಮುಚ್ಚಿ,
ಗೆರೆಯೆಲ್ಲ ವಾದ್ಯದೊಳಗೆ ಇಳಿದುಹೋಗಿವೆ.
ಹೆಬ್ಬೆರಳು ಮಾತ್ರ ಹೇಗೋ ಉಳಿದಿತ್ತು,
ಅದಕ್ಕೆ ಭಾರ ಹೊರುವ ಕೆಲಸ ಬಿಟ್ಟು ಬೇರೆ ಇಲ್ಲವಲ್ಲ.

ಆಮೇಲೆ ಬಂತು: ನೀವು ರೋಬೋಟ್ ಅಲ್ಲವೆಂದು ಸಾಬೀತುಪಡಿಸಿ.
"ಎಂತ ಅಂತೆ?"
"ನೀವು ಯಂತ್ರ ಅಲ್ಲ ಅಂತ ಅದಕ್ಕೆ ನಂಬಿಕೆ ಬರಬೇಕಂತೆ."
"ಬಿಪಿ ಇದೆ, ಶುಗರ್ ಇದೆ, ಎಡಮಂಡಿ ಏಳಲ್ಲ.
ಇಷ್ಟು ಹೇಳಿ ನೋಡು."

ಒಂಬತ್ತು ಚೌಕ. ಸಿಗ್ನಲ್ ದೀಪ ಇರುವುದನ್ನೆಲ್ಲ ಒತ್ತಿ.
ನಮಗೆಲ್ಲಿಯ ಸಿಗ್ನಲ್ ಮಾರಾಯ್ರೆ,
ಫೋನಿಗೇ ಇಲ್ಲ, ರಸ್ತೆಗೆಲ್ಲಿಂದ?
ಸರ್ಕಲ್ಲಿನಲ್ಲಿ ಒಂದು ಹೋರಿ ಮಲಗುತ್ತದೆ.
ಮಲಗಿದ್ದರೆ ಕೆಂಪು, ಎದ್ದರೆ ಹಸಿರು,
ಬಾಲ ಆಡಿಸಿದರೆ ಹಳದಿ.

ತಪ್ಪಾಯಿತು. ಇನ್ನೊಂದು ಕಂತು:
ಬೆಂಕಿ ಆರಿಸುವ ನಲ್ಲಿ ಎಲ್ಲೆಲ್ಲಿದೆ?
ಯಾವುದೋ ದೇಶದ ಬೀದಿ ಬದಿಗೆ
ಕುಳ್ಳಗೆ, ಕೆಂಪಗೆ, ಕೈಯಿಲ್ಲದೆ ನಿಂತದ್ದನ್ನು
ಗುತ್ಯಪ್ಪ ಕನ್ನಡಕ ಏರಿಸಿ ನೋಡಿದ.
"ಭೂತಪ್ಪನ ಕಲ್ಲು ಕಣೆ. ಕುಂಕುಮ ನೋಡು ಹೆಂಗೆ ಬಳಿದಿದಾರೆ!
ಒತ್ತಬೇಡ ತಂಗಿ, ಮುಟ್ಟುಚಟ್ಟು ನೋಡಬೇಕು."
ಚಪ್ಪಲಿ ಮೆಲ್ಲಗೆ ಬಾಗಿಲಾಚೆ ಬಿಟ್ಟು ಬಂದ.
ನಾನೂ ಒತ್ತಲಿಲ್ಲ.

ಉಳಿದದ್ದು ಕಿವಿಯ ಗುರುತು. ಕೇಳಿಸಿಕೊಂಡು ಬರೆಯಿರಿ.
ಒತ್ತಿದೆ.
ಹಂಚಿನ ಮೇಲೆ ಮಳೆ ಸುರಿದಂತೆ ಗೊರಗೊರ,
ನಡುವೆ ಯಾರೋ ಬಾವಿಯೊಳಗಿಂದ
ಇಂಗ್ಲಿಷಿನಲ್ಲಿ ಅಂಕಿ ಹೇಳಿದ ಹಾಗೆ.
ನನಗೆ ಏನೂ ತಿಳಿಯಲಿಲ್ಲ.
ಗುತ್ಯಪ್ಪ ಕಣ್ಣು ಮುಚ್ಚಿದ:
"ಏಳು. ಎರಡು. ಒಂಬತ್ತು. ಒಂಬತ್ತು. ನಾಕು.
ಹೇಳೋನಿಗೆ ನೆಗಡಿ. ಶ್ರುತಿ ಅರ್ಧ ಮನೆ ಕೆಳಗಿದೆ."
ಪಟಾಕಿ, ಜನರೇಟರು, ಬೀಗರ ಜಗಳ,
ಇವುಗಳ ನಡುವೆ ನಲವತ್ತು ವರ್ಷ
ತನ್ನ ಸ್ವರ ತಾನು ಹುಡುಕಿಕೊಂಡ ಕಿವಿ ಅದು.
ಹಸಿರು ಟಿಕ್ ಬಿತ್ತು. ಮನುಷ್ಯನೇ!
ಪಕ್ಕದ ಟೀ ಅಂಗಡಿಗೆ ಕೂಗಿ ಎರಡು ಟೀ ತರಿಸಿದೆ.

ಟೀ ಆರುವ ಮೊದಲೇ ಓಟಿಪಿ ಕೇಳಿತು.
ಓಟಿಪಿ ಬರುವ ಫೋನು ಸೊಸೆ ಹತ್ತಿರ,
ಸೊಸೆ ತೌರಲ್ಲಿ, ತೌರು ನಿಟ್ಟೂರಿನಾಚೆ,
ಅಲ್ಲಿ ಟವರಿದೆ, ಟವರಿಗೆ ಕರೆಂಟಿಲ್ಲ,
ಲೈನ್‌ಮ್ಯಾನ್ ಮದುವೆಗೆ ಹೋಗಿದ್ದಾನೆ.
ಆ ಮದುವೆಗೆ ಇವನದೇ ಬ್ಯಾಂಡ್‌ಸೆಟ್ಟು.
"ಹೌದಲ್ಲ, ಹನ್ನೊಂದಕ್ಕೆ ದಿಬ್ಬಣ!" ಎಂದು
ಚಪ್ಪಲಿಯಲ್ಲಿ ಕಾಲು ತೂರಿಸಿ ಓಡಿದ,
ಏಳದ ಎಡಮಂಡಿಯನ್ನೂ ಎತ್ತಿಕೊಂಡು.

ಪರದೆ ಹೇಳಿತು: ನಿಮ್ಮ ಸಮಯ ಮುಗಿದಿದೆ.
ಟಿಡಿಂಗ್ ಎಂದು ಮೊಳಗಿತು, ತನಗೇ ದುಃಖವಾದಂತೆ.

ಸಂಜೆ ದಿಬ್ಬಣ ಅಂಗಡಿ ಮುಂದೆಯೇ ಹಾದುಹೋಯಿತು.
ಹಾಡಿಗೂ ಹಾಡಿಗೂ ನಡುವೆ, ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ,
ಗುತ್ಯಪ್ಪ ನನ್ನ ಕಡೆಗೊಮ್ಮೆ ನೋಡಿ
ಕ್ಲಾರಿನೆಟ್ ಎತ್ತಿ ಊದಿದ:
ಟಿಡಿಂಗ್.
ಶ್ರುತಿ ಸರಿಮಾಡಿಕೊಂಡಿದ್ದ.
ಹೋರಿ ಎದ್ದು ದಾರಿ ಬಿಟ್ಟಿತು.