ಡಿಕ್ಕಿಯೊಳಗಿನ ಗಾಳಿ

ಬಾಡಿಗೆ ಓಡಿಸಲೆಂದು ಉಲ್ಲಾಸ ಮಾಜಾಳೀಕರ
ಮಡಗಾಂವಿಂದ ಕೊಂಡು ತಂದ ಬಿಳಿ ಕಾರು, ಮೂರನೇ ಕೈ.
ಕೀಲಿ ತಿರುಗಿಸಿದರೆ ಸಾಕು, ಹಳದಿ ದೀಪ:
ಸೀಳಿದ ಮಡಕೆಯಂಥ ಚಿತ್ರ,
ಒಳಗೊಂದು ಆಶ್ಚರ್ಯಸೂಚಕ.

"ಅಕ್ಕಾ, ಇದನ್ನೊಂದು ಆರಿಸಿಕೊಡು.
ವಿಮಾನ ಇಳಿದವರು ಹಿಂದಿನ ಸೀಟಿಂದಲೇ ಕತ್ತು ಚಾಚ್ತಾರೆ,
ಅದೇನು, ಅದೇನು, ಕಾಣಕೋಣ ದಾಟುವ ತನಕ ಅದೇ.
ನಿನ್ನೆ ಒಬ್ಬಳು ಪೋಳೆ ಚೆಕ್‌ಪೋಸ್ಟಿನಲ್ಲೇ ಇಳಿದು
ಬೇರೆ ಗಾಡಿ ಹತ್ತಿದಳು."

ಮೀಟರ್ ಒತ್ತಿದೆ. ಮೂವತ್ತಮೂರು, ಮೂವತ್ತಮೂರು,
ಮೂವತ್ತೆರಡು, ಮೂವತ್ತಮೂರು.
ಚಕ್ರಗಳದ್ದೇನೂ ತಪ್ಪಿಲ್ಲ.
ಹಳೆಯ ಮಾಲೀಕ ಅಲಾಯ್ ಬಿಚ್ಚಿ ಮಾರಿಕೊಂಡು
ಕಬ್ಬಿಣದ ರಿಮ್ಮು ತೊಡಿಸಿ
ಒಳಗಿದ್ದ ನಾಲ್ಕು ಸೆನ್ಸರುಗಳನ್ನು
ಬಿಸ್ಕತ್ತಿನ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿ ಬಿಟ್ಟಿದ್ದ.

ಅಲ್ಲಾಡಿಸಿದೆ. ಹುಣಸೆ ಬೀಜದ ಸದ್ದು.
ಜೀವ ಇತ್ತು ಅವಕ್ಕೆ ಇನ್ನೂ.
ಕತ್ತಲಲ್ಲಿ ಒಂದರ ಮೈಗೊಂದು ಒರಗಿ ಕೂತು
ಗಾಳಿ ಇಲ್ಲ, ಗಾಳಿ ಇಲ್ಲ ಅಂತ
ಕಾರಿಗೆ ಹೇಳ್ತಾನೇ ಇದ್ದವು.
ಸುಳ್ಳೇನಲ್ಲ ಅದು.
ಅವು ಇದ್ದಲ್ಲಿ ಗಾಳಿ ಇರಲಿಲ್ಲ.

"ಕಪ್ಪು ಟೇಪು ಅಂಟಿಸಲಾ?"
"ಟೇಪು ಕಂಡರೆ ಇನ್ನೂ ಹೆದರ್ತಾರೆ ಅಕ್ಕಾ."
ಕಂಪನಿಯವರು ಹುಬ್ಬಳ್ಳಿಗೆ ತನ್ನಿ,
ಕಂಪ್ಯೂಟರ್ ಹಚ್ಚಬೇಕು ಅಂದರಂತೆ. ಅವರು ಹೇಳಿದ ರೇಟಿಗೆ
ಎರಡು ಹೊಸ ಟೈರು ಬರ್ತವೆ.

ನಮ್ಮ ಜುಜೆ, ಯಲ್ಲಾಪುರದ ಕಡೆಯ ಹುಡುಗ,
ಮಾತಾಡದೆ ಹೋಗಿ ಸಂಡಾಸಿನ ಕೆಲಸದಲ್ಲಿ ಉಳಿದ
ನಾಲ್ಕಿಂಚು ಪಿವಿಸಿ ಪೈಪು ತಂದ, ಒಂದು ಮೊಳ.
ನಾಲ್ಕನ್ನೂ ಒಳಗಿಟ್ಟು ಎರಡೂ ತುದಿ ಮುಚ್ಚಿ ಅಂಟು ಬಳಿದು
ನೆತ್ತಿಗೊಂದು ವಾಲ್ವ್ ಕೂರಿಸಿದ.
ಮೂವತ್ತಮೂರು ತುಂಬಿದೆವು.
ಬಕೀಟಿನ ನೀರಲ್ಲಿ ಹೊರಳಿಸಿ, ಗುಳ್ಳೆ ಏಳಲಿಲ್ಲ,
ಮೈ ಒರೆಸಿ, ಹಳೇ ಲುಂಗಿ ಸುತ್ತಿ
ಸ್ಟೆಪ್ನಿಯ ಪಕ್ಕ ಮಲಗಿಸಿದೆವು.

ಸದಾಶಿವಗಡದ ತನಕ ಹೋಗಿ ಬಂದ. ದೀಪ ಆರಿತ್ತು.
ಈಗ ಕಾರಿನ ಲೆಕ್ಕದಲ್ಲಿ ನಾಲ್ಕೂ ಚಕ್ರ ಸರಿ,
ಮೊಳೆ ಹೊಕ್ಕರೂ ಸರಿ, ಸೀಳಿ ಹೋದರೂ ಸರಿ.
"ಇನ್ನು ಇದರ ಮಾತು ನಂಬಬೇಡ ಮಾರಾಯಾ" ಅಂದೆ.
ಹ್ಞೂಂ ಅಂದ. ಹೊರಡಲಿಲ್ಲ.
ಕಾಳಿಯ ಕಡೆ ನೋಡ್ತಾ ನಿಂತ.
ಹಳೇ ಸೇತುವೆ ಬಿದ್ದ ರಾತ್ರಿ
ನನಗೂ ಎಚ್ಚರವಾಗಿತ್ತು.
ಅದಕ್ಕೆ ಯಾರೂ ದೀಪ ಇಟ್ಟಿರಲಿಲ್ಲ.

ಮಳೆ ಮುಗಿದು, ಬಂಗಡೆ ಅಗ್ಗವಾಗಿ, ಮತ್ತೆ ತುಟ್ಟಿಯಾದ ಮೇಲೆ
ಒಂದು ಬೆಳಿಗ್ಗೆ ಅದೇ ಕಾರು, ಅದೇ ಹಳದಿ.

"ದಿನಾ ಐದಕ್ಕೆದ್ದು ನಾಲ್ಕನ್ನೂ ಒದ್ದು ನೋಡ್ತೇನೆ.
ಹೆಬ್ಬೆರಳಿಂದ ಒತ್ತಿ ನೋಡ್ತೇನೆ. ಮೀಟರ್ ಕೊಂಡಿದ್ದೇನೆ ನನ್ನದೇ.
ಮೊದಲು ಇಷ್ಟೆಲ್ಲ ಇರಲಿಲ್ಲ.
ಮಗನ ಜ್ವರ ಸಹ ಹೀಗೆ ನೋಡಿದವನಲ್ಲ ಅಂತ
ಮನೆಯಲ್ಲಿ ನಗ್ತಾಳೆ.
ಹಾಗಿದ್ದೂ ಇದು ಹತ್ತಿತು ನೋಡು."

ಚಕ್ರಗಳು ಸರಿಯಿದ್ದವು. ಡಿಕ್ಕಿ ತೆಗೆದೆ.
ಲುಂಗಿಗೆ ಯಾರೋ ಕಟ್ಟಿಕೊಂಡು ಹೋದ ಒಣ ಸಿಗಡಿಯ ವಾಸನೆ.
ಪೈಪಿಗೆ ಮೀಟರ್ ಒತ್ತಿದರೆ
ಹತ್ತೊಂಬತ್ತು.

ಜುಜೆ ಬಕೀಟು ತಂದ.
ಮುಚ್ಚಳದ ಅಂಚಿನಲ್ಲಿ ಒಂದೇ ಒಂದು ಗುಳ್ಳೆ,
ಇಳಿತದ ಹೊತ್ತಿಗೆ ಕೆಸರಲ್ಲಿ ಏಡಿ ಬಿಟ್ಟ ಹಾಗೆ,
ನಿಂತು, ಯೋಚಿಸಿ, ಮೇಲೆ ಬಂತು.
ಮೂವರೂ ನಕ್ಕೆವು. ಆಮೇಲೆ
ಯಾಕೋ ಯಾರೂ ಮಾತಾಡಲಿಲ್ಲ.

ಅಂಟು ಬಳಿದು ಗಾಳಿ ಬಿಡುವಾಗ
ಅವನು ನನ್ನ ಕೈ ತಡೆದ.
"ಮೂವತ್ತಮೂರು ಬೇಡ ಅಕ್ಕಾ. ಒಂಚೂರು ಕಮ್ಮಿ ಇಡು.
ಇಪ್ಪತ್ತಾರೋ ಇಪ್ಪತ್ತೇಳೋ.
ಚಳಿಯ ಬೆಳಿಗ್ಗೆ ಒಮ್ಮೊಮ್ಮೆ ಹತ್ತಲಿ.
ಗಿರಾಕಿ ಇಲ್ಲದಾಗ, ನಾನೊಬ್ಬನೇ ಇರುವಾಗ."

"ಗಾಳಿ ಅದು. ನೀನು ಹೇಳಿದ ಹೊತ್ತಿಗೆ ಕೇಳ್ತದಾ?"
ಅಂದೆ. ಆದರೂ
ಇಪ್ಪತ್ತೇಳಕ್ಕೆ ನಿಲ್ಲಿಸಿದೆ.

ಚಕ್ರಕ್ಕೆ ಐದು ರೂಪಾಯಿ ನಮ್ಮಲ್ಲಿ.
ಇಪ್ಪತ್ತೈದು ಎಣಿಸಿ ಕೊಟ್ಟು ಹೋದ.
ಜುಜೆ ಪಟ್ಟಿಯಲ್ಲಿ ಬರೆದ:
ಮಾಜಾಳೀಕರ, ಬಿಳಿ ಗಾಡಿ, ಚಕ್ರ ಐದು.